ಶಾಲಾ ಪತ್ರಿಕೆಯ ಹೊಣೆ ನಿಮ್ಮ ತಲೆಗೆ ಬಂತಾ? ಹೈಸ್ಕೂಲ್ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹೈಸ್ಕೂಲುಗಳಲ್ಲಿ ಪತ್ರಿಕೋದ್ಯಮಕ್ಕೆ ಅಂತಲೇ ಒಬ್ಬ ಮೇಷ್ಟ್ರು ಇರುವುದು ಅಪರೂಪ. ಸ್ಟಾಫ್ ಮೀಟಿಂಗಿನಲ್ಲಿ 'ಈ ವರ್ಷ ಮಕ್ಕಳ ಪತ್ರಿಕೆ ತರೋಣ' ಅಂತ ತೀರ್ಮಾನ ಆಗುತ್ತದೆ. ಎಲ್ಲರ ಕಣ್ಣೂ ಕನ್ನಡ ಟೀಚರ್ ಕಡೆಗೋ ಸಮಾಜ ವಿಜ್ಞಾನದ ಮೇಷ್ಟ್ರ ಕಡೆಗೋ ತಿರುಗುತ್ತದೆ. ಹಾಗೆ ಸಿಕ್ಕಿಹಾಕಿಕೊಂಡವರು ಕೇಳುವ ಪ್ರಶ್ನೆಗಳು ಇವು. ನನ್ನದೂ ಕನ್ನಡ ಪಾಠವೇ, ಜೊತೆಗೆ ಪತ್ರಿಕೆಯ ಕೆಲಸ ಅಂಟಿಕೊಂಡಿದೆ.

ನಾನು ಒಂದು ದಿನವೂ ಪತ್ರಿಕೆಯಲ್ಲಿ ಕೆಲಸ ಮಾಡಿಲ್ಲ. ಮಕ್ಕಳಿಗೆ ಏನಂತ ಹೇಳಿಕೊಡಲಿ?

ಯಾವಾಗಲೂ ಇದೇ ಮೊದಲ ಪ್ರಶ್ನೆ. ಮಕ್ಕಳ ಮುಂದೆ ಬಣ್ಣ ಬಯಲಾದರೆ ಅನ್ನುವ ಭಯ ಇದರ ಹಿಂದೆ ಇರುತ್ತದೆ.

ಹೈಸ್ಕೂಲ್ ಮಟ್ಟದ ಸುದ್ದಿ ಬರಹಕ್ಕೆ ಬೇಕಾದ್ದು ನೋಡಿ ಬರೆಯುವುದು, ಕೇಳಿ ಬರೆಯುವುದು, ಬರೆದದ್ದು ನಿಜವೇ ಅಂತ ನೋಡಿಕೊಳ್ಳುವುದು. ಮೊದಲೆರಡನ್ನು ಭಾಷಾ ಶಿಕ್ಷಕರು ದಿನವೂ ಮಾಡಿಸುತ್ತಾರೆ. ಕೊನೆಯದಕ್ಕೆ ಒಂದೇ ಪ್ರಶ್ನೆ ಸಾಕು: "ಇದು ನಿನಗೆ ಹೇಗೆ ಗೊತ್ತು?" ಮಗು ತಂದ ಪ್ರತಿ ಸಾಲಿಗೂ ಇದನ್ನೇ ಕೇಳಿ. ಕ್ರೀಡಾಕೂಟಕ್ಕೆ ಐನೂರು ಜನ ಬಂದಿದ್ದರು ಅಂತ ಬರೆದಿದ್ದಾಳಾ? ಎಣಿಸಿದೆಯಾ? ಯಾರಾದರೂ ಹೇಳಿದರಾ? ಹೇಳಿದವರಿಗೆ ಹೇಗೆ ಗೊತ್ತು?

ಇದನ್ನು ಕೇಳಲು ಡಿಪ್ಲೊಮಾ ಬೇಡ. ಉತ್ತರ ನಿಮಗೆ ಮೊದಲೇ ಗೊತ್ತಿರಬೇಕಾಗಿಯೂ ಇಲ್ಲ. ಗಣಿತದವರಿಗೆ ಲೆಕ್ಕದ ಉತ್ತರ ಗೊತ್ತಿರಬೇಕು. ಇಲ್ಲಿ ಉತ್ತರ ಹುಡುಕಿ ತರಬೇಕಾದವರು ಹುಡುಗರು. ನೀವು ಗೊತ್ತಿಲ್ಲದವರಾಗಿ ಕೂತು ಕೇಳಿದಷ್ಟೂ ಕ್ಲಾಸ್ ಚೆನ್ನಾಗಿ ನಡೆಯುತ್ತದೆ. ನಮಗೆ ಬೇಕಾದ ಧೈರ್ಯ ಸಿಗುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಮೇಷ್ಟ್ರ ಕೆಲಸಕ್ಕೂ ಪತ್ರಿಕೆಗೂ ಮೊದಲಿಂದ ನಂಟಿದೆ. ಮೈಸೂರಿನ ಎಂ. ವೆಂಕಟಕೃಷ್ಣಯ್ಯ, ಅಂದರೆ ಜನ 'ತಾತಯ್ಯ' ಅಂತ ಕರೆದವರು, ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರ್. 'ವೃತ್ತಾಂತ ಚಿಂತಾಮಣಿ'ಯಂಥ ಪತ್ರಿಕೆಗಳನ್ನು ನಡೆಸಿದವರೂ ಅವರೇ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಕೈಕಟ್ಟುವ ಕಾನೂನು ತಂದಾಗ ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅವರೇನೂ ಜರ್ನಲಿಸಂ ಓದಿದವರಲ್ಲ, ಅಲ್ವಾ?

ಮೊದಲ ಪಿರಿಯಡ್‌ನಲ್ಲಿ ಏನು ಮಾಡಿಸಲಿ?

'ಪತ್ರಿಕೋದ್ಯಮ ಎಂದರೇನು' ಅಂತ ಬೋರ್ಡಿನ ಮೇಲೆ ಬರೆಯಬೇಡಿ. ಎಲ್ಲರನ್ನೂ ಹತ್ತು ನಿಮಿಷ ಹೊರಗೆ ಕಳಿಸಿ. ಬಿಸಿಯೂಟದ ಅಡುಗೆಮನೆ, ನೀರಿನ ಟ್ಯಾಂಕ್, ಗೇಟು, ಎಲ್ಲಿಗಾದರೂ ಸರಿ. ಕಂಡದ್ದು, ಕೇಳಿದ್ದು, ಎಣಿಸಿದ್ದು ಮಾತ್ರ ಬರೆದು ತರಬೇಕು. 'ಚೆನ್ನಾಗಿತ್ತು', 'ತುಂಬಾ', 'ಬಹಳ' ಬರೆಯುವಂತಿಲ್ಲ.

ವಾಪಸ್ ಬಂದ ಮೇಲೆ ಒಂದೇ ಜಾಗಕ್ಕೆ ಹೋದ ಇಬ್ಬರಿಂದ ಓದಿಸಿ. ಒಬ್ಬಳು ನಲ್ಲಿ ನಾಲ್ಕು ಅಂದಿರುತ್ತಾಳೆ, ಇನ್ನೊಬ್ಬ ಆರು ಅಂದಿರುತ್ತಾನೆ. ನೀವು ಬಾಯಿ ಬಿಡಬೇಡಿ. ಯಾರೋ ಎದ್ದು ಓಡಿಹೋಗಿ ಎಣಿಸಿ ಬರುತ್ತಾರೆ: ಐದು ಇವೆ, ಎರಡರಲ್ಲಿ ನೀರು ಬರಲ್ಲ. ಯಾವಾಗಿಂದ ಬರಲ್ಲ? ಯಾರಿಗೆ ಹೇಳಿದ್ದಾರೆ? ಅವರು ಏನಂದರು? ಪತ್ರಿಕೆಯ ಮೊದಲ ಸುದ್ದಿ ಅಲ್ಲೇ ಸಿಕ್ಕಿತು.

ಮನೆಗೆಲಸವಾಗಿ ಒಂದು ನಿಯಮ ಕೊಡಿ. ಬರಹದಲ್ಲಿ ಬರುವ ಪ್ರತಿ ಹೆಸರನ್ನೂ ಆ ವ್ಯಕ್ತಿಯ ಕೈಯಿಂದಲೇ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡು ಬರಬೇಕು. ಗಣೇಶನೋ ಗಣೇಶ್‌ ಅಂತಲೋ, ಇನಿಷಿಯಲ್ ಮುಂದೋ ಹಿಂದೋ, ಎಲ್ಲ ಅಲ್ಲೇ ಇತ್ಯರ್ಥ ಆಗಲಿ.

ಎಷ್ಟು ಹೇಳಿದರೂ ಮಕ್ಕಳ ವರದಿ ಎಲ್ಲ ಒಂದೇ ಥರ ಇರುತ್ತದೆ. ಏನು ಮಾಡಲಿ?

'ನಮ್ಮ ಶಾಲೆಯಲ್ಲಿ ವಾರ್ಷಿಕೋತ್ಸವವನ್ನು ಅತ್ಯಂತ ವಿಜೃಂಭಣೆಯಿಂದ ಆಚರಿಸಲಾಯಿತು. ಮುಖ್ಯ ಅತಿಥಿಗಳು ದೀಪ ಬೆಳಗಿಸುವ ಮೂಲಕ ಕಾರ್ಯಕ್ರಮಕ್ಕೆ ಚಾಲನೆ ನೀಡಿದರು.' ಇದೇ ತಾನೆ?

ತಪ್ಪು ಮಕ್ಕಳದ್ದಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ನಾವು ಕಳಿಸುವ ವರದಿ ಹೀಗೇ ಇರುತ್ತದೆ. ಪತ್ರಿಕೆಗಳ ಜಿಲ್ಲಾ ಪುಟದಲ್ಲೂ ಇದೇ ಧಾಟಿ. ಮಕ್ಕಳು ನಮ್ಮಿಂದಲೇ ಕಲಿತಿದ್ದಾರೆ.

ನಾನು ಕೇಳುವುದು ಇಷ್ಟೇ: "ಅವತ್ತು ಮನೆಗೆ ಹೋಗಿ ಅಮ್ಮನಿಗೆ ಮೊದಲು ಏನು ಹೇಳಿದೆ?" ಯಾವ ಮಗುವೂ 'ಅಮ್ಮ, ದೀಪ ಬೆಳಗಿಸಲಾಯಿತು' ಅಂತ ಹೇಳಿರುವುದಿಲ್ಲ. 'ನಾಟಕ ಅರ್ಧ ಆಗಿದ್ದಾಗ ಕರೆಂಟ್ ಹೋಯ್ತಮ್ಮ' ಅಂದಿರುತ್ತದೆ. ಹಾಗಾದರೆ ಬರಹ ಅಲ್ಲಿಂದ ಶುರು ಆಗಲಿ: 'ಕರೆಂಟ್ ಹೋದರೂ ಒಂಬತ್ತನೇ ಬಿ ತರಗತಿಯವರು ನಾಟಕ ನಿಲ್ಲಿಸಲಿಲ್ಲ. ಪೋಷಕರು ಹಿಡಿದ ಮೊಬೈಲ್ ಟಾರ್ಚುಗಳ ಬೆಳಕಿನಲ್ಲೇ ಕೊನೆಯ ದೃಶ್ಯ ಮುಗಿಸಿದರು.' ಸುದ್ದಿಯ ಇಂಥ ಮೊದಲ ಸಾಲುಗಳನ್ನು ಸುದ್ದಿಮನೆಯವರು ಲೀಡ್ ಅನ್ನುತ್ತಾರೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅನ್ನುವ ಆರು ಪ್ರಶ್ನೆಗಳಿಗೆ ಉತ್ತರ ಬೇಕು ನಿಜ. ಆದರೆ ಆರನ್ನೂ ಮೊದಲ ಸಾಲಿಗೇ ತುರುಕಬೇಕಿಲ್ಲ.

ಈ 'ಲಾಯಿತು' ವಾಕ್ಯಗಳ ಇನ್ನೊಂದು ತೊಂದರೆ ಮಕ್ಕಳಿಗೆ ಬೇಗ ಅರ್ಥ ಆಗುತ್ತದೆ. 'ಬಹುಮಾನ ವಿತರಿಸಲಾಯಿತು' ಅಂದರೆ ಅಷ್ಟೇನೂ ನಷ್ಟವಿಲ್ಲ. 'ಶಾಲೆಯ ಮುಂದಿನ ಮರಗಳನ್ನು ಕಡಿಯಲಾಯಿತು' ಅಂದರೆ? ಕಡಿದವರು ಯಾರು? ಕಡಿಯಿರಿ ಅಂತ ಹೇಳಿದವರು ಯಾರು? ವಾಕ್ಯದಲ್ಲಿ ಅವರು ಇಲ್ಲವೇ ಇಲ್ಲ. ಒಂದು ತಿಂಗಳು ಕ್ಲಾಸಿನಲ್ಲಿ 'ಲಾಯಿತು' ನಿಷೇಧಿಸಿ ನೋಡಿ.

ಒಂದು ಎಚ್ಚರಿಕೆ. ಅತಿಥಿಗಳ ಹೆಸರು ನಾಲ್ಕನೇ ಪ್ಯಾರಾಕ್ಕೆ ಇಳಿದರೆ ಆಫೀಸಿನಿಂದ ಕರೆ ಬರುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಬಾಕ್ಸ್ ಮಾಡಿ, ವೇದಿಕೆ ಮೇಲಿದ್ದ ಎಲ್ಲರ ಹೆಸರನ್ನೂ ಅದರಲ್ಲಿ ಹಾಕಿಬಿಡಿ. ಅವರಿಗೂ ಖುಷಿ, ಬರಹವೂ ಉಳಿಯುತ್ತದೆ.

ಮಕ್ಕಳು ಕೇಳಿದ್ದು ನನಗೆ ಗೊತ್ತಿಲ್ಲದಿದ್ದರೆ?

'ಗೊತ್ತಿಲ್ಲ. ಯಾರನ್ನು ಕೇಳಿದರೆ ಗೊತ್ತಾಗುತ್ತೆ?' ಅಂತ ಕೇಳಿ. ಈ ವಿಷಯದಲ್ಲಿ ಅದೂ ಪಾಠವೇ.

ನಮ್ಮ ಎಚ್‌ಎಂ (ಹೆಡ್‌ಮಾಸ್ಟರ್) ಹೊಗಳಿಕೆ ಬಿಟ್ಟು ಬೇರೇನೂ ಹಾಕಲು ಬಿಡುವುದಿಲ್ಲ. ಹೇಗೆ ಎದುರಿಸಲಿ?

ಎದುರಿಸುವುದಕ್ಕಿಂತ ಮೊದಲೇ ಕೂತು ಮಾತಾಡುವುದು ವಾಸಿ. ಮೊದಲ ಸಂಚಿಕೆಗೂ ಮುಂಚೆ ಒಂದು ಪುಟದ ನಿಯಮ ಬರೆದು ಎಚ್‌ಎಂ ಸಹಿ ಮಾಡಿಸಿಕೊಳ್ಳಿ. ಪುಟಗಳನ್ನು ಯಾರು ನೋಡುತ್ತಾರೆ, ಯಾವಾಗ ನೋಡುತ್ತಾರೆ, ಬೇಡ ಅಂದರೆ ಕಾರಣ ಬರೆದು ಕೊಡುತ್ತಾರಾ, ಇಷ್ಟಿದ್ದರೆ ಸಾಕು. ಈ ಕಾಗದ ಇಲ್ಲದಿದ್ದರೆ ಪ್ರತಿ ಸಂಚಿಕೆಯೂ ಹೊಸ ಜಗಳ ಆಗುತ್ತದೆ. ಶಿಕ್ಷಕರ ಅರ್ಧ ಧೈರ್ಯ ಅಲ್ಲೇ ಕರಗುತ್ತದೆ.

ಹೈಸ್ಕೂಲ್ ಪತ್ರಿಕೆಗೆ ದೊಡ್ಡ ಪರಂಪರೆ ಇರುವ ಅಮೆರಿಕದಲ್ಲೂ ಇದು ಬಗೆಹರಿದ ವಿಷಯವಲ್ಲ. 1983ರಲ್ಲಿ ಮಿಸೌರಿ ರಾಜ್ಯದ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನ ಪ್ರಾಂಶುಪಾಲರು ಮಕ್ಕಳ ಪತ್ರಿಕೆಯಿಂದ ಎರಡು ಪುಟ ಕಿತ್ತುಹಾಕಿಸಿದರು. ಹದಿಹರೆಯದ ಹುಡುಗಿಯರು ಗರ್ಭಿಣಿಯಾಗುವ ಬಗ್ಗೆ, ಅಪ್ಪ ಅಮ್ಮನ ವಿಚ್ಛೇದನದ ಬಗ್ಗೆ ಅದರಲ್ಲಿ ಬರಹಗಳಿದ್ದವು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–3 ಬಹುಮತದಿಂದ ಶಾಲೆಯ ಪರವಾಗಿ ತೀರ್ಪು ಕೊಟ್ಟಿತು. ಶೈಕ್ಷಣಿಕ ಕಾರಣ ಇದ್ದರೆ ಶಾಲೆ ತಡೆಯಬಹುದು ಅನ್ನುವುದು ತೀರ್ಪಿನ ಸಾರ. ಆಮೇಲೆ ಕೆಲವು ರಾಜ್ಯಗಳು ವಿದ್ಯಾರ್ಥಿ ಪತ್ರಿಕೆಗಳನ್ನು ಕಾಪಾಡಲು ತಮ್ಮದೇ ಕಾನೂನು ಮಾಡಿಕೊಂಡವು. ಕಾನ್ಸಸ್ 1992ರಲ್ಲಿ ಮಾಡಿತು.

ಅದೇ ಕಾನ್ಸಸ್‌ನ ಪಿಟ್ಸ್‌ಬರ್ಗ್ ಹೈಸ್ಕೂಲಿನಲ್ಲಿ 2017ರಲ್ಲಿ ನಡೆದದ್ದು ನನಗೆ ಬಲು ಇಷ್ಟ. ಶಾಲೆಗೆ ಹೊಸ ಪ್ರಾಂಶುಪಾಲರ ನೇಮಕ ಆಯಿತು. ಮಕ್ಕಳು ಸುಮ್ನೆ ಒಂದು ಪರಿಚಯ ಲೇಖನ ಬರೆಯಲು ಹೊರಟರು. ಪದವಿ ಕೊಟ್ಟ ವಿಶ್ವವಿದ್ಯಾಲಯ ಯಾವುದು ಅಂತ ಹುಡುಕಿದರೆ ಅದಕ್ಕೆ ಮಾನ್ಯತೆ ಇದ್ದ ಗುರುತೇ ಸಿಗಲಿಲ್ಲ. ಕೇಳಿದರು, ಮತ್ತೆ ಕೇಳಿದರು, ಬಂದ ಉತ್ತರಗಳನ್ನು ತಾಳೆ ನೋಡಿದರು, ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಆ ಪ್ರಾಂಶುಪಾಲರು ರಾಜೀನಾಮೆ ಕೊಟ್ಟರು. ನಮಗೆ ಮುಖ್ಯವಾದದ್ದು ಇನ್ನೊಂದಿದೆ. ಪತ್ರಿಕೆ ನೋಡಿಕೊಳ್ಳುತ್ತಿದ್ದ ಶಿಕ್ಷಕಿ ಆ ನೇಮಕದ ಸಮಿತಿಯಲ್ಲಿದ್ದರು. ಹಾಗಾಗಿ ಈ ಸುದ್ದಿಯ ಮಟ್ಟಿಗೆ ಅವರು ಹಿಂದೆ ಸರಿದರು, ಮಕ್ಕಳಿಗೆ ಹೊರಗಿನವರ ಸಹಾಯ ಸಿಕ್ಕಿತು. ತಮಗೆ ಸಂಬಂಧ ಇರುವ ಸುದ್ದಿಯಿಂದ ಕೈ ತೆಗೆಯುವುದು ಅಂದರೆ ಇದು. ನಮ್ಮ ಶಾಲೆಗಳಲ್ಲೂ ಆಗಾಗ ಇಂಥದ್ದು ಬರುತ್ತದೆ. ಕ್ರೀಡಾ ಶಿಕ್ಷಕರ ಮಗ ತಂಡಕ್ಕೆ ಆಯ್ಕೆ ಆದ ಸುದ್ದಿಯನ್ನು ಕ್ರೀಡಾ ಶಿಕ್ಷಕರೇ ತಿದ್ದಬಾರದು, ಅಷ್ಟೇ.

ಇಲ್ಲಿ ಮಕ್ಕಳ ಪತ್ರಿಕೆಗೆ ಅಂತಲೇ ಕಾನೂನಿನ ರಕ್ಷಣೆ ಹುಡುಕುತ್ತಾ ಕೂರುವುದು ದಂಡ. ಆದರೆ ಶಾಲೆಯ ಗೇಟು ದಾಟಿದ ಕೂಡಲೇ ಮಕ್ಕಳ ಹಕ್ಕು ಹೋಗಿಬಿಡುವುದಿಲ್ಲ. ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆ ಹೊರಹಾಕಿತ್ತು. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ನಿಂತಿತು. ಸ್ಟಾಫ್ ರೂಮಿನಲ್ಲಿ 'ಮಕ್ಕಳಿಗೆಂಥ ಅಭಿಪ್ರಾಯ' ಅನ್ನುವವರಿಗೆ ಇದನ್ನು ಹೇಳಿ.

ಎಚ್‌ಎಂ ಜೊತೆ ವಿಶ್ವಾಸ ಬೆಳೆಯುವುದು ಪುರಾವೆಯಿಂದ. 'ಶೌಚಾಲಯ ಗಲೀಜಾಗಿದೆ' ಅನ್ನುವುದು ದೂರು. 'ಹುಡುಗಿಯರ ಶೌಚಾಲಯದ ಮೂರು ಬಾಗಿಲುಗಳಲ್ಲಿ ಒಂದಕ್ಕೆ ಚಿಲಕ ಇಲ್ಲ, ರಿಪೇರಿಗೆ ಎಸ್‌ಡಿಎಂಸಿಗೆ ಪತ್ರ ಬರೆದಿದ್ದೇವೆ ಅಂತ ಮುಖ್ಯ ಶಿಕ್ಷಕರು ತಿಳಿಸಿದರು' ಅನ್ನುವುದು ಸುದ್ದಿ. ಎರಡನೆಯದನ್ನು ಎಚ್‌ಎಂ ಬೇಡ ಅನ್ನುವ ಸಾಧ್ಯತೆ ಕಡಿಮೆ. ಅದರಲ್ಲಿ ಅವರ ಮಾತೂ ಇದೆ. (ಎಸ್‌ಡಿಎಂಸಿ ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ.)

ಕಾನೂನಿನ ತೊಂದರೆ ಏನಾದರೂ ಬರಬಹುದಾ?

ಒಂದು ವಿಷಯದಲ್ಲಿ ಯಾವ ರಾಜಿಯೂ ಬೇಡ. ತೊಂದರೆಗೆ ಸಿಲುಕಿದ ಮಗುವಿನ ಗುರುತು ಹೊರಗೆ ಬರಬಾರದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಇದನ್ನು ಹೇಳುತ್ತದೆ. ಬಾಲ ನ್ಯಾಯ ಕಾಯ್ದೆ, 2015ರ 74ನೇ ಸೆಕ್ಷನ್ ಇನ್ನೂ ವಿಶಾಲ. ಅಪರಾಧದ ಆರೋಪ ಇರುವ ಮಗು, ಸಂತ್ರಸ್ತ ಮಗು, ಸಾಕ್ಷಿ ಹೇಳುವ ಮಗು, ಯಾರ ಗುರುತೂ ಬಿಟ್ಟುಕೊಡುವಂತಿಲ್ಲ. ಹೆಸರು ಮಾತ್ರ ಅಲ್ಲ, ಫೋಟೊ, ವಿಳಾಸ, ಓದುವ ಶಾಲೆ ಕೂಡ. ಮೀರಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹೆಸರು ಬದಲಿಸಿದರೂ 'ಎಂಟನೇ ಸಿ ತರಗತಿಯ ಹಾಸ್ಟೆಲ್ ಹುಡುಗಿ' ಅಂತ ಬರೆದರೆ ಇಡೀ ಊರಿಗೆ ಗೊತ್ತಾಗುತ್ತದೆ. ಇಂಥ ಘಟನೆ ಮಕ್ಕಳ ಕಿವಿಗೆ ಬಿದ್ದರೆ ಅದು ಪತ್ರಿಕೆಯ ಸುದ್ದಿಯಲ್ಲ. ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮಾನನಷ್ಟದ ಭಯ ಸುಮಾರು ಜನಕ್ಕಿದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಆರೋಪ ಇರುವ ಕಡೆ ದಾಖಲೆ ಇಟ್ಟುಕೊಳ್ಳಿ, ಆ ಕಡೆಯವರ ಉತ್ತರ ಕೇಳಿ ಹಾಕಿ, ಅಡ್ಡಹೆಸರು ಮತ್ತು ಗೇಲಿ ಹೊರಗಿಡಿ. ಕ್ಲಾಸ್‌ಮೇಟುಗಳ ಬಗ್ಗೆ 'ತಮಾಷೆ ಅಂಕಣ' ಅಂತ ಶುರು ಮಾಡಿದರೆ ಜಾತಿ, ಬಣ್ಣ, ದಪ್ಪ, ಕುಂಟು ಅಂತಲೇ ಹೋಗಿ ನಿಲ್ಲುತ್ತದೆ. ಆ ಅಂಕಣವೇ ಬೇಡ.

ಪತ್ರಿಕೆ ರಿಜಿಸ್ಟರ್ ಮಾಡಿಸಬೇಕಾ?

ಗೋಡೆ ಪತ್ರಿಕೆಗೆ, ಶಾಲೆಯೊಳಗೆ ಓಡಾಡುವ ಕೈಬರಹದ ಪತ್ರಿಕೆಗೆ ಆ ಗೊಡವೆ ಇಲ್ಲ. ಅಚ್ಚು ಹಾಕಿಸಿ, ನಿಯಮಿತವಾಗಿ, ಊರಿನವರಿಗೂ ಹಂಚುವ ಯೋಚನೆ ಇದ್ದರೆ ಪತ್ರಿಕೆಗಳ ನೋಂದಣಿಯ 2023ರ ಕಾಯ್ದೆಯನ್ನು ಬಲ್ಲವರ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ದುಡ್ಡಿಲ್ಲ, ಕಂಪ್ಯೂಟರ್ ಇಲ್ಲ. ಆಗುತ್ತಾ?

ಗೋಡೆ ಪತ್ರಿಕೆ ಮಾಡಿ. ಎರಡು ಚಾರ್ಟ್ ಶೀಟ್, ನಾಲ್ಕು ಸ್ಕೆಚ್ ಪೆನ್, ಮಳೆ ಬೀಳದ ಒಂದು ಗೋಡೆ ಇದ್ದರೆ ಮುಗಿಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಾಗ ಅದು ಕಲ್ಲಚ್ಚಿನ ಪತ್ರಿಕೆ. ಅಚ್ಚುಮೊಳೆ ಜೋಡಿಸಿದ್ದಲ್ಲ, ಕೈಬರಹವನ್ನು ಕಲ್ಲಿನ ಮೇಲೆ ಇಳಿಸಿ ಒತ್ತಿದ್ದು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕ. ಆ ದಿನವನ್ನೇ ರಾಜ್ಯದಲ್ಲಿ ಪತ್ರಿಕಾ ದಿನ ಅಂತ ಆಚರಿಸುತ್ತಾರೆ. ಶಾಲೆ ಶುರುವಾಗಿ ಒಂದು ತಿಂಗಳಿಗೆ ಜುಲೈ 1 ಬರುತ್ತದೆ. ಮೊದಲ ಸಂಚಿಕೆಗೆ ಒಳ್ಳೆ ಡೆಡ್‌ಲೈನ್.

ದುಡಿಯುವ ಮಕ್ಕಳ 'ಭೀಮ ಸಂಘ' ಕರ್ನಾಟಕದಲ್ಲಿ 'ಭೀಮ ಪತ್ರಿಕೆ' ಅನ್ನುವ ಗೋಡೆ ಪತ್ರಿಕೆ ತಂದಿತ್ತು. ಹೋಟೆಲು, ಹೊಲಗಳಲ್ಲಿ ದುಡಿಯುವ ಮಕ್ಕಳಿಗೇ ಸಾಧ್ಯವಾದದ್ದು ಅದು. ನಮ್ಮ ಶಾಲೆಯಲ್ಲಿ ಸೌಲಭ್ಯ ಇಲ್ಲ ಅಂತ ಹೇಳಲು ನನಗಂತೂ ನಾಚಿಕೆ ಆಗುತ್ತದೆ.

ನುಡಿಯಲ್ಲಿ ಟೈಪ್ ಮಾಡಿ ವಾಟ್ಸಾಪಿಗೆ ಹಾಕಿದರೆ ಏನೇನೋ ಅಕ್ಷರ ಬರುತ್ತದೆ.

ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟು ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತ) ಅಲ್ಲ, ಅದಕ್ಕೇ ಹಾಗಾಗುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿಸಿ. ಗೂಗಲ್ ಡಾಕ್ಸಿನಲ್ಲಿ ಕನ್ನಡ ಮಾತಾಡಿಯೂ ಬರೆಸಬಹುದು, ಆದರೆ ಪ್ರೂಫ್ ನೋಡದೆ ಬಿಡಬೇಡಿ. ಊರಿನ ಡಿಟಿಪಿ ಅಂಗಡಿಯವರು ನುಡಿಯೇ ಬೇಕು ಅಂದರೆ ಕೊನೆಯಲ್ಲಿ ಕನ್ವರ್ಟ್ ಮಾಡಿ ಕೊಡಿ, ಒತ್ತಕ್ಷರಗಳನ್ನು ಇನ್ನೊಮ್ಮೆ ನೋಡಿ.

ಅರ್ಧ ಮಕ್ಕಳಿಗೆ ನೆಟ್ಟಗೆ ಬರೆಯಲು ಬರುವುದಿಲ್ಲ. ಅವರನ್ನು ಏನು ಮಾಡಲಿ?

ದೆಹಲಿಯ ಬೀದಿ ಮಕ್ಕಳು 2003ರಿಂದ 'ಬಾಲಕನಾಮಾ' ಅನ್ನುವ ಪತ್ರಿಕೆ ತರುತ್ತಿದ್ದಾರೆ. ಅಲ್ಲಿ ಬರೆಯಲು ಬಾರದ ಮಕ್ಕಳೂ ವರದಿಗಾರರು. ಅವರನ್ನು 'ಬಾತೂನಿ' ವರದಿಗಾರರು ಅನ್ನುತ್ತಾರೆ, ಅಂದರೆ ಮಾತುಗಾರರು. ಅವರು ಸುದ್ದಿ ಹೇಳುತ್ತಾರೆ, ಬರೆಯಲು ಬರುವವರು ಬರೆದುಕೊಳ್ಳುತ್ತಾರೆ.

ನಮ್ಮ ಕ್ಲಾಸಿನಲ್ಲೂ ಹಿಂದಿನ ಬೆಂಚಿನ ಹುಡುಗನಿಗೆ ಊರಿನ ಸುದ್ದಿ ಎಲ್ಲ ಗೊತ್ತಿರುತ್ತದೆ, ಕಾಗುಣಿತ ಮಾತ್ರ ಬರುವುದಿಲ್ಲ. ಮೊದಲ ಬೆಂಚಿನ ಹುಡುಗಿಗೆ ಕಾಗುಣಿತ ಬರುತ್ತದೆ, ಸುದ್ದಿ ಗೊತ್ತಿಲ್ಲ. ಇಬ್ಬರನ್ನೂ ಜೋಡಿ ಮಾಡಿ ಇಬ್ಬರ ಹೆಸರಲ್ಲೂ ಬೈಲೈನ್ (ಬರೆದವರ ಹೆಸರಿನ ಸಾಲು) ಕೊಡಿ. ಲಂಬಾಣಿ, ತುಳು, ಕೊಂಕಣಿ, ಉರ್ದು ಮನೆಮಾತಿನ ಮಕ್ಕಳು ಸಂದರ್ಶನವನ್ನು ಅವರ ಮಾತಿನಲ್ಲೇ ಮಾಡಿ ಬರಲಿ. ಬರೆಯುವಾಗ ಕನ್ನಡಕ್ಕೆ ತಂದರಾಯಿತು.

ಶಾಲೆಯಲ್ಲಿ ಸುದ್ದಿ ಅಂತ ಏನಿರುತ್ತೆ? ಎರಡು ಸಂಚಿಕೆಗೇ ಖಾಲಿ ಆಗುತ್ತದೆ.

ಜಯಂತಿಗಳನ್ನೇ ನಂಬಿದರೆ ಖಾಲಿ ಆಗುತ್ತದೆ.

ಹಳ್ಳಿಯ ಶಾಲೆಯಾದರೆ ನಿಮ್ಮ ದೊಡ್ಡ ಸುದ್ದಿ ಮಕ್ಕಳ ಗ್ರಾಮಸಭೆ. ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಅದನ್ನು ನಡೆಸಬೇಕು. ಮಕ್ಕಳು ಎದ್ದು ನಿಂತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮುಂದೆ ಕೇಳುತ್ತಾರೆ: ಬಸ್ಸು ಇಲ್ಲ, ಕಾಂಪೌಂಡ್ ಇಲ್ಲ, ದಾರಿಯಲ್ಲಿ ಲೈಟಿಲ್ಲ. 'ನೋಡೋಣ, ಮಾಡಿಸೋಣ' ಅನ್ನುವ ಉತ್ತರ ಬರುತ್ತದೆ. ಸಭೆ ಮುಗಿಯುತ್ತದೆ, ಫೋಟೊ ತೆಗೆಯುತ್ತಾರೆ. ನಿಮ್ಮ ವರದಿಗಾರರ ಕೆಲಸ ಶುರುವಾಗುವುದು ಅಲ್ಲಿಂದ. ಯಾರು ಏನು ಕೇಳಿದರು, ಯಾರು ಏನು ಒಪ್ಪಿಕೊಂಡರು ಅಂತ ಪೂರ್ತಿ ಪಟ್ಟಿ ಹಾಕಿ. ಮೂರು ತಿಂಗಳ ನಂತರ ಅದೇ ಪಟ್ಟಿ ಹಿಡಿದು ಹೋಗಿ: ಆಯಿತಾ, ಇಲ್ಲವಾ, ಯಾಕಿಲ್ಲ? ಮುಂದಿನ ವರ್ಷದ ಸಭೆಯ ದಿನ ಅದನ್ನು ಮತ್ತೆ ಪ್ರಕಟಿಸಿ. ದೊಡ್ಡ ಪತ್ರಿಕೆಗಳಿಗೆ ಇಷ್ಟು ಸಣ್ಣ ಊರಿನ ಬೆನ್ನು ಹತ್ತಲು ಪುರುಸೊತ್ತಿಲ್ಲ. ಈ ಕೆಲಸದಲ್ಲಿ ನಿಮಗೆ ಪೈಪೋಟಿಯೇ ಇಲ್ಲ.

ಪೇಟೆ ಶಾಲೆಗೆ ಬೇರೆ ಇವೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಎಷ್ಟು ಆಟೊ ನಿಲ್ಲುತ್ತವೆ, ಒಂದೊಂದರಲ್ಲಿ ಎಷ್ಟು ಮಕ್ಕಳು ಕೂರುತ್ತಾರೆ ಅಂತ ಒಂದು ವಾರ ಎಣಿಸಿ. ಲೈಬ್ರರಿಯಿಂದ ಈ ವರ್ಷ ಜಾಸ್ತಿ ಹೊರಗೆ ಹೋದ ಪುಸ್ತಕ ಯಾವುದು ಅಂತ ರಿಜಿಸ್ಟರ್ ನೋಡಿ. ಬೆಲ್ ಹೊಡೆಯುವ ಅಟೆಂಡರ್, ಅಡುಗೆಯವರು, ಕಸ ಗುಡಿಸುವವರ ಒಂದು ದಿನ ಹೇಗಿರುತ್ತದೆ ಅಂತ ಬರೆಸಿ.

ವಾಟ್ಸಾಪಲ್ಲಿ ಬಂದದ್ದನ್ನೇ ಸುದ್ದಿ ಅಂತ ತರುತ್ತಾರೆ. ಈಗ ಎಐ ಬೇರೆ.

ವಾಟ್ಸಾಪಿಗೆ ಒಂದು ಹಳೇ ಕಥೆ ಹೇಳಿ. 2016ರ ನವೆಂಬರಿನಲ್ಲಿ 2000 ರೂಪಾಯಿಯ ಹೊಸ ನೋಟು ಬಂದಾಗ ಅದರೊಳಗೆ ಜಾಗ ಪತ್ತೆ ಹಚ್ಚುವ ಚಿಪ್ ಇದೆ ಅಂತ ಸುದ್ದಿ ಹಬ್ಬಿತ್ತು. ಕೆಲವು ಟಿವಿ ಚಾನೆಲ್‌ಗಳೂ ಅದನ್ನು ವಿವರವಾಗಿ ತೋರಿಸಿದವು. ಅಂಥ ಚಿಪ್ ಇರಲೇ ಇಲ್ಲ. ಸಂಬಳ ತೆಗೆದುಕೊಳ್ಳುವ ದೊಡ್ಡವರೂ 'ಹೇಗೆ ಗೊತ್ತು' ಅಂತ ಕೇಳದೆ ಹೋದರು. ಈಗಿನ ಮಕ್ಕಳಿಗೆ ಈ ಕಥೆ ಹೊಸದು. ನಗುತ್ತಾ ಕೇಳುತ್ತಾರೆ, ಆಮೇಲೆ ತಮ್ಮ ಫೋನಿನಲ್ಲಿರುವ ಇಂಥದ್ದನ್ನೇ ತಂದು ತೋರಿಸುತ್ತಾರೆ.

ಎಐಗೆ ನನ್ನದು ಒರಟು ಉಪಾಯ. ಬರಹದ ಜೊತೆ ನೋಟ್‌ಬುಕ್ ತೋರಿಸಬೇಕು. ಯಾರ ಜೊತೆ ಮಾತಾಡಿದೆ, ಅವರು ಹೇಳಿದ್ದೇನು ಅಂತ ಅದರಲ್ಲಿ ಇರಬೇಕು. ನೋಟ್‌ಬುಕ್ ಇಲ್ಲದ ಬರಹ ಪುಟಕ್ಕೆ ಹೋಗುವುದಿಲ್ಲ. ನಮ್ಮ ಶಾಲೆಯ ಕೆಟ್ಟ ನಲ್ಲಿಯ ವಿಷಯ ಯಾವ ಎಐಗೂ ಗೊತ್ತಿಲ್ಲ. ಹಾಗಾಗಿ ಸುದ್ದಿ ಹತ್ತಿರದ್ದಾದಷ್ಟೂ ಈ ತಲೆನೋವು ಕಡಿಮೆ.

ಅಚ್ಚಾದ ಮೇಲೆ ತಪ್ಪು ಕಂಡರೆ?

ಮುಂದಿನ ಸಂಚಿಕೆಯಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿ, ತಿದ್ದುಪಡಿ ಹಾಕಿ. ಯಾವುದು ತಪ್ಪಾಗಿತ್ತು, ಸರಿ ಯಾವುದು, ಇಷ್ಟೇ. ಬರೆದ ಮಗುವಿನ ಹೆಸರು ಅಲ್ಲಿ ಬೇಡ. ಗೋಡೆ ಪತ್ರಿಕೆಯಾದರೆ ಅವತ್ತೇ ಚೀಟಿ ಅಂಟಿಸಿ.

ಪತ್ರಕರ್ತರನ್ನು ಕರೆಸಿದರೆ ಒಳ್ಳೆಯದಾ?

ಭಾಷಣಕ್ಕಾದರೆ ಬೇಡ. ಡೆಸ್ಕಿನವರು, ಅಂದರೆ ಪತ್ರಿಕೆಯಲ್ಲಿ ಬರಹ ತಿದ್ದುವವರು, ತಿದ್ದಿ ಗೀಚಿದ ಅವರದೇ ಒಂದು ಕಾಪಿ ತರಲು ಹೇಳಿ. ದೊಡ್ಡವರ ಬರಹವೂ ಕೆಂಪಾಗುತ್ತದೆ ಅಂತ ಮಕ್ಕಳು ಕಣ್ಣಾರೆ ನೋಡಲಿ. ತಾಲ್ಲೂಕಿನ ಅರೆಕಾಲಿಕ ವರದಿಗಾರರು ಸಾಮಾನ್ಯವಾಗಿ ಖುಷಿಯಿಂದ ಬರುತ್ತಾರೆ.

ಎಸ್‌ಎಸ್‌ಎಲ್‌ಸಿ ರಿಸಲ್ಟಿನ ಒತ್ತಡದಲ್ಲಿ ಇದಕ್ಕೆಲ್ಲ ಸಮಯ ಎಲ್ಲಿ?

ಎಂಟು, ಒಂಬತ್ತನೇ ತರಗತಿಯವರ ಮೇಲೆ ಭಾರ ಹಾಕಿ. ಹತ್ತನೆಯವರು ಡಿಸೆಂಬರ್‌ವರೆಗೆ ಸಂಪಾದಕರಾಗಿರಲಿ, ಆಮೇಲೆ ಬಿಟ್ಟುಕೊಡಲಿ. ವರದಿ ಬರೆಯುವುದನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೂ ಲೆಕ್ಕ ಹಿಡಿಯಬಹುದು. ಸಿಬಿಎಸ್‌ಇ ಶಾಲೆಗಳಲ್ಲಿ 11 ಮತ್ತು 12ನೇ ತರಗತಿಗೆ ಮಾಸ್ ಮೀಡಿಯಾ ಸ್ಟಡೀಸ್ ಅನ್ನುವ ವಿಷಯವೇ ಇದೆ, ಅವರಿಗೆ ಸಮಯದ ಚಿಂತೆ ಕಡಿಮೆ.

ತಿಂಗಳಿಗೊಂದು ಅಂತ ಘೋಷಿಸಿ ಎರಡಕ್ಕೇ ನಿಲ್ಲಿಸುವುದಕ್ಕಿಂತ ವರ್ಷಕ್ಕೆ ನಾಲ್ಕು ಅಂತ ಹೇಳಿ ನಾಲ್ಕನ್ನೂ ತನ್ನಿ.

ಹಳೇ ಸಂಚಿಕೆಗಳನ್ನು ಏನು ಮಾಡಲಿ?

ಪ್ರತಿ ಸಂಚಿಕೆಯ ಒಂದು ಪ್ರತಿ ಲೈಬ್ರರಿಯ ಫೈಲಿಗೆ ಹೋಗಲಿ. ಗೋಡೆ ಪತ್ರಿಕೆಯಾದರೆ ತೆಗೆಯುವ ಮುಂಚೆ ಫೋಟೊ ತೆಗೆದಿಡಿ. ಫೈಲಿನ ಮೊದಲ ಪುಟದಲ್ಲಿ ಎಚ್‌ಎಂ ಸಹಿ ಮಾಡಿದ ನಿಯಮದ ಕಾಗದ ಇರಲಿ. ನಿಮಗೆ ವರ್ಗಾವಣೆ ಆದರೆ ಮುಂದೆ ಬರುವ ಮೇಷ್ಟ್ರಿಗೆ ಕೊಡಬೇಕಾದ್ದು ಆ ಫೈಲು, ಜೊತೆಗೆ ಪಿಡಿಒ ಇನ್ನೂ ಮಾಡಿಸದ ಕೆಲಸಗಳ ಪಟ್ಟಿ.